ಬಳ್ಳಾರಿಯಿಂದ ಹೊರಟು ಜಾಝ್ ನುಡಿಸುವ ಆತ್ಮೀಯ ಬಾರೊಂದನ್ನು ಕಂಡುಕೊಳ್ಳುವುದು: ಸಮಗ್ರ ಮಾರ್ಗದರ್ಶಿ

ಬಳ್ಳಾರಿ ಸೀಮೆಯಲ್ಲಿ ಬೆಳೆದವರಿಗೆ ಸ್ಯಾಕ್ಸೊಫೋನ್ ಹೊಸ ವಾದ್ಯವಲ್ಲ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಅದನ್ನು ಕೇಳಿದ್ದೇವೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕಂಡು ಮನಸೋತ ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ತೋರಿಸಿದ್ದನ್ನೂ ಕೇಳಿದ್ದೇವೆ. ಆದರೆ ಆ ವಾದ್ಯಕ್ಕೆ ಜಗತ್ತಿನಲ್ಲಿ ದೊಡ್ಡ ಹೆಸರು ತಂದುಕೊಟ್ಟ ಜಾಝ್ ಸಂಗೀತವನ್ನು, ಸಣ್ಣ ಕೋಣೆಯೊಂದರಲ್ಲಿ, ವಾದಕರಿಂದ ಹತ್ತು ಅಡಿ ದೂರದಲ್ಲಿ ಕುಳಿತು ಕೇಳಿದವರು ನಮ್ಮಲ್ಲಿ ಕಡಿಮೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ವಾರವಾರ ಜಾಝ್ ನುಡಿಸುವ ಬಾರನ್ನು ನಾನು ಕಂಡಿಲ್ಲ. ಹಾಗಾಗಿ ಈ ಮಾರ್ಗದರ್ಶಿಯು ಕೆಲಸಕ್ಕೋ ಓದಿಗೋ ಬೆಂಗಳೂರು, ಗೋವಾ, ಮುಂಬೈ ಕಡೆಗೆ ಹೋಗಿ ಬರುವ ಅಥವಾ ಅಲ್ಲಿಯೇ ಮನೆ ಮಾಡಿರುವ ನಮ್ಮ ಭಾಗದವರಿಗಾಗಿ ಇದೆ. ಅಂಥ ಊರಿನಲ್ಲಿ ಒಬ್ಬರೇ ಹೋಗಿ ಕುಳಿತರೂ ಮುಜುಗರವಾಗದ, ಮೂರನೆಯ ಸಲ ಹೋದಾಗ ಮುಖ ಗುರುತಿಸುವ, ಸಂಗೀತವನ್ನು ನಿಜಕ್ಕೂ ಕೇಳುವ ಜನರಿರುವ ಬಾರೊಂದನ್ನು ಹುಡುಕಿಕೊಳ್ಳುವ ಬಗೆಯನ್ನು ನನ್ನ ಅನುಭವದಿಂದ ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಕಿವಿಯನ್ನು ಸಿದ್ಧಪಡಿಸಿಕೊಳ್ಳುವುದು

ಹುಡುಕಾಟ ಮನೆಯಲ್ಲಿಯೇ ಆರಂಭವಾಗಬೇಕು. ಜಾಝ್ ಎಂದರೇನು ಎಂಬುದು ಕಿವಿಗೆ ತಿಳಿಯದಿದ್ದರೆ, ಹೊರಗಿನ ಫಲಕದಲ್ಲಿ ಬರೆದದ್ದನ್ನೇ ನಂಬಬೇಕಾಗುತ್ತದೆ, ಮತ್ತು ಫಲಕಗಳು ಬಹಳ ಸಲ ಸುಳ್ಳು ಹೇಳುತ್ತವೆ. ನಾನು ಮೊದಲ ಬಾರಿ ‘ಜಾಝ್ ನೈಟ್’ ಎಂಬ ಫಲಕ ನೋಡಿ ಒಳಹೊಕ್ಕ ಜಾಗದಲ್ಲಿ, ಮೊದಲೇ ಮುದ್ರಿಸಿದ ಹಿನ್ನೆಲೆ ಸಂಗೀತಕ್ಕೆ ಒಬ್ಬರು ಸ್ಯಾಕ್ಸೊಫೋನಿನಲ್ಲಿ ಹಳೆಯ ಹಿಂದಿ ಚಿತ್ರಗೀತೆಗಳನ್ನು ನುಡಿಸುತ್ತಿದ್ದರು. ಅವರ ಬೆನ್ನ ಹಿಂದಿನ ಗೋಡೆಯ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಆ ವಾದಕರ ಕೈಯಲ್ಲಿ ವಿದ್ಯೆ ಇತ್ತು, ಆದರೆ ಅವರಿಗೆ ಜೊತೆಗಾರರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಆ ರಾತ್ರಿ ಖರ್ಚಾದ ಹಣಕ್ಕಿಂತ ಆ ದೃಶ್ಯವೇ ನನ್ನನ್ನು ಹೆಚ್ಚು ಕಾಡಿತು.

ಜಾಝ್ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರ ನಡುವೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪುಗೊಂಡಿತು. ಅದರ ಮೊದಲ ಧ್ವನಿಮುದ್ರಿಕೆ 1917ರಲ್ಲಿ ಹೊರಬಂತು. ಇತಿಹಾಸ ಇಷ್ಟು ಸಾಕು. ತಿಳಿಯಬೇಕಾದದ್ದು ಅದರ ರಚನೆಯ ಕ್ರಮ, ಮತ್ತು ಅದು ನಮಗೆ ಅಪರಿಚಿತವಲ್ಲ. ಮೊದಲು ಎಲ್ಲರೂ ಸೇರಿ ಒಂದು ರಾಗಮಟ್ಟನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದರ ಮೇಲೆ ತಮ್ಮ ಮನೋಧರ್ಮವನ್ನು, ಅಂದರೆ ಆ ಕ್ಷಣದ ಸ್ವಂತ ಕಲ್ಪನೆಯನ್ನು, ಬೆಳೆಸುತ್ತಾರೆ. ಕೊನೆಗೆ ಎಲ್ಲರೂ ಮೊದಲಿನ ಮಟ್ಟಿಗೆ ಮರಳಿ ಮುಗಿಸುತ್ತಾರೆ. ಖಯಾಲಿನ ಗಾಯಕರು ತಾನುಗಳನ್ನು ಹರಿಸಿ ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದಾಗ ತಲೆದೂಗುವವರಿಗೆ ಈ ಮರಳುವಿಕೆಯ ಸುಖವನ್ನು ಬೇರೆಯಾಗಿ ಹೇಳಿಕೊಡಬೇಕಿಲ್ಲ. ವ್ಯತ್ಯಾಸವೆಂದರೆ, ಇಲ್ಲಿ ತಾಳದ ಆವರ್ತದ ಜೊತೆಗೆ ಸ್ವರಮೇಳಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಕಾರ್ಡ್) ಆವರ್ತವೂ ಸುತ್ತುತ್ತಿರುತ್ತದೆ. ಬಹಳಷ್ಟು ರಚನೆಗಳಲ್ಲಿ ಆ ಸುತ್ತು ನಾಲ್ಕು ನಾಲ್ಕು ಮಾತ್ರೆಗಳ 32 ಖಂಡಗಳದ್ದು, ಬ್ಲೂಸ್ ಎಂಬ ಬಗೆಯ ರಚನೆಯಾದರೆ 12 ಖಂಡಗಳದ್ದು. ಕೆಲವೊಮ್ಮೆ ಡ್ರಮ್ ನುಡಿಸುವವರೂ ಉಳಿದವರೂ ನಾಲ್ಕು ನಾಲ್ಕು ಖಂಡಗಳನ್ನು ಹಂಚಿಕೊಂಡು ಒಬ್ಬರಿಗೊಬ್ಬರು ಉತ್ತರ ಕೊಡುತ್ತಾರೆ. ನಮ್ಮ ಸವಾಲ್-ಜವಾಬಿನಂತೆಯೇ ಅದನ್ನು ಕೇಳಬಹುದು.

ಲಯದಲ್ಲಿ ಒಂದು ಸಂಗತಿಯನ್ನು ಮಾತ್ರ ಹೊಸದಾಗಿ ರೂಢಿಸಿಕೊಳ್ಳಬೇಕು. ಭಜನೆಯಲ್ಲಿ ನಮ್ಮ ಚಪ್ಪಾಳೆ ಸಹಜವಾಗಿ ಮೊದಲ ಮಾತ್ರೆಗೆ ಬೀಳುತ್ತದೆ. ಜಾಝಿನಲ್ಲಿ ಒತ್ತು ಬೀಳುವುದು ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳಿಗೆ. ಡ್ರಮ್ ನುಡಿಸುವವರ ಎಡಗಾಲಿನಿಂದ ಆಡಿಸುವ ಜೋಡಿ ಕಂಚಿನ ತಾಳಗಳು ಅಲ್ಲಿಯೇ ಮುಚ್ಚಿಕೊಳ್ಳುತ್ತವೆ. ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್, ಡ್ಯೂಕ್ ಎಲಿಂಗ್ಟನ್, ಲೂಯಿ ಆರ್ಮ್‌ಸ್ಟ್ರಾಂಗ್ ಇವರ ನುಡಿಸಾಣಿಕೆಯನ್ನು ರಾತ್ರಿ ಊಟದ ನಂತರ ಅರ್ಧ ತಾಸು, ಒಂದು ತಿಂಗಳು ಕೇಳಿ. ಪ್ರತಿ ಸಲ ಒಂದೇ ವಾದ್ಯವನ್ನು ಹಿಂಬಾಲಿಸಿ: ಇಂದು ಬಾಸ್ (ಮಂದ್ರ ಸ್ವರಗಳನ್ನು ನುಡಿಸುವ ದಪ್ಪ ತಂತಿಗಳ ವಾದ್ಯ), ನಾಳೆ ಪಿಯಾನೊ, ನಾಡಿದ್ದು ಡ್ರಮ್. ನಿಧಾನ ಗತಿಯ ರಚನೆಯಲ್ಲಿ ಡ್ರಮ್ಮಿನ ಚರ್ಮದ ಮೇಲೆ ತಂತಿಯ ಬ್ರಷ್ಷನ್ನು ವೃತ್ತಾಕಾರವಾಗಿ ಎಳೆಯುತ್ತಾರೆ. ಮೊರದಲ್ಲಿ ಜೋಳ ಕೇರುವಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಸದ್ದು. ಅದನ್ನು ಒಮ್ಮೆ ಗುರುತಿಸಿದ ಕಿವಿ ಮತ್ತೆ ಮರೆಯುವುದಿಲ್ಲ, ಮತ್ತು ಮುಂದೆ ಒಂದು ಕೋಣೆ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ಇದೇ ಸದ್ದು ನಿಮಗೆ ನೆರವಾಗುತ್ತದೆ.

ಎರಡನೆಯ ಹೆಜ್ಜೆ: ಯಾವ ಊರು, ಯಾವ ದಾರಿ

ಬೆಂಗಳೂರಿಗೆ ನಮ್ಮ ಹಂಪಿ ಎಕ್ಸ್‌ಪ್ರೆಸ್ ಇದೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಇಳಿಯಬಹುದು. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಒಂದು ದಿಕ್ಕಿನಲ್ಲಿ ಬೆಂಗಳೂರನ್ನೂ ಇನ್ನೊಂದು ದಿಕ್ಕಿನಲ್ಲಿ ಮುಂಬೈಯನ್ನೂ ಮುಟ್ಟಿಸುತ್ತದೆ. ಗೋವಾಕ್ಕೆ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೂಲಕ ವಾಸ್ಕೊ ತಲುಪುವ ಅಮರಾವತಿ ಎಕ್ಸ್‌ಪ್ರೆಸ್ ಇದೆ, ಆದರೆ ಅದು ವಾರದ ಎಲ್ಲ ದಿನವೂ ಓಡುವುದಿಲ್ಲವಾದ್ದರಿಂದ ಕಾರ್ಯಕ್ರಮದ ದಿನವನ್ನು ರೈಲಿನ ದಿನಕ್ಕೆ ಹೊಂದಿಸಿಕೊಳ್ಳಬೇಕು.

ಈ ಮೂರರಲ್ಲಿ ಯಾವುದು ಎಂದು ಕೇಳಿದರೆ, ನೆರೆಹೊರೆಯ ಬಾರಿನ ಆತ್ಮೀಯತೆಗೆ ನಾನು ಗೋವಾವನ್ನೇ ಮುಂದಿಡುತ್ತೇನೆ. ಅದಕ್ಕೆ ಕಾರಣ ಸಮುದ್ರವಲ್ಲ. ಪೋರ್ಚುಗೀಸರ ಆಳ್ವಿಕೆಯಲ್ಲಿ ಗೋವಾದ ಚರ್ಚುಗಳಿಗೆ ಹೊಂದಿಕೊಂಡ ಶಾಲೆಗಳು ಹಳ್ಳಿಯ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸಿದವು. ಅಲ್ಲಿ ಕಲಿತವರು 1930ರ ದಶಕದಿಂದ ಮುಂಬೈ, ಕಲ್ಕತ್ತಾಗಳ ಹೋಟೆಲುಗಳ ನೃತ್ಯವೃಂದಗಳಲ್ಲಿ ಸೇರಿಕೊಂಡರು. ಅಮೆರಿಕದಿಂದ ಬಂದ ಟೆಡ್ಡಿ ವೆದರ್‌ಫೋರ್ಡ್‌ನಂಥ ಕಪ್ಪು ವಾದಕರು ಮುಂಬೈಯ ತಾಜ್ ಹೋಟೆಲಿನಲ್ಲಿ ನುಡಿಸುತ್ತಿದ್ದ ಕಾಲ ಅದು. ಅವರಿಂದ ಗೋವಾದವರು ಜಾಝಿನ ಮರ್ಮ ಕಲಿತರು. ‘ಚಿಕ್ ಚಾಕೊಲೇಟ್’ ಎಂದು ಹೆಸರಾದ ಆಂಟೋನಿಯೊ ಝೇವಿಯರ್ ವಾಝ್, ಫ್ರ್ಯಾಂಕ್ ಫರ್ನಾಂಡ್, ಸೆಬಾಸ್ಟಿಯನ್ ಡಿಸೋಜಾ ಮೊದಲಾದವರು ಹಿಂದಿ ಚಿತ್ರಗಳ ವಾದ್ಯವೃಂದಕ್ಕೂ ಬಂದರು. ನಮ್ಮ ಹಿರಿಯರು ಬಳ್ಳಾರಿಯ ಟಾಕೀಸುಗಳಲ್ಲಿ ಕೇಳಿದ ಹಾಡುಗಳೊಳಗೆ ಜಾಝ್ ಆಗಲೇ ಬಂದು ಕುಳಿತಿತ್ತು. ಹೀಗೆ ಮನೆಮನೆಯಲ್ಲೂ ವಾದ್ಯವಿದ್ದ ಊರಿನಲ್ಲಿ, ಬಾರಿನ ಮೂಲೆಯಲ್ಲಿ ಕುಳಿತು ನುಡಿಸುವುದನ್ನು ಯಾರೂ ವಿಶೇಷವೆಂದು ನೋಡುವುದಿಲ್ಲ.

ಬೆಂಗಳೂರಿನಲ್ಲಿ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಜಾಝ್ ಕಛೇರಿಗಳಿಗೆ ಹೆಸರಾದ ಸ್ಥಳ. ಅದನ್ನು ನೆರೆಹೊರೆಯ ಬಾರ್ ಎನ್ನಲಾಗದು, ಆದರೆ ಒಳ್ಳೆಯ ವಾದಕರ ಹೆಸರುಗಳನ್ನು ತಿಳಿದುಕೊಳ್ಳಲು ಅದು ಒಳ್ಳೆಯ ಆರಂಭ. ಬೆಂಗಳೂರಿಗೆ ಇನ್ನೊಂದು ಹಿರಿಮೆಯೂ ಇದೆ: ಇಲ್ಲಿಯ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಳಗ ಮತ್ತು ಗಾಯಕಿ ಆರ್. ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಸೇರಿ ನುಡಿಸಿದ ಸಂಗೀತವು ಹೊರನಾಡಿನಲ್ಲಿ ಗೌರವ ಪಡೆಯಿತು.

ನಮ್ಮಲ್ಲಿಯೇ ಏನಾದರೂ ಸಿಗಬಹುದೇ ಎನ್ನುವವರು ನವೆಂಬರಿನಿಂದ ಫೆಬ್ರವರಿಯವರೆಗೆ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಣಾಪುರದ ಹೋಂಸ್ಟೇಗಳ ಕಡೆ ಒಂದು ಸಂಜೆ ಹೋಗಿ ನೋಡಬಹುದು. ಅದು ಬಾರ್ ಅಲ್ಲ. ಬಂಡೆಯ ಮೇಲೆ ಗಿಟಾರ್ ಹಿಡಿದು ಕೂರುವ ಪ್ರವಾಸಿಗರ ನಡುವೆ ಅಪರೂಪಕ್ಕೆ ಒಬ್ಬ ಒಳ್ಳೆಯ ಜಾಝ್ ವಾದಕ ಸಿಕ್ಕರೆ ಅದು ಭಾಗ್ಯ.

ಮೂರನೆಯ ಹೆಜ್ಜೆ: ಕೇಳುವ ಮಾತನ್ನು ಸರಿಪಡಿಸಿಕೊಳ್ಳುವುದು

ಇದನ್ನು ನಮ್ಮ ಕಡೆಯವರಿಗೆ ಒತ್ತಿ ಹೇಳಬೇಕಾಗಿದೆ. ಕರ್ನಾಟಕದಲ್ಲಿ ‘ಲೈವ್ ಬ್ಯಾಂಡ್’ ಎಂಬ ಮಾತಿಗೆ ಬೇರೆಯ ಅರ್ಥವೊಂದು ಅಂಟಿಕೊಂಡಿದೆ. ಹೆಣ್ಣುಮಕ್ಕಳನ್ನು ವೇದಿಕೆಯ ಮೇಲೆ ನಿಲ್ಲಿಸಿ ಗಿರಾಕಿಗಳನ್ನು ಸೆಳೆಯುವ ಬಾರುಗಳಿಗೆ ಆ ಹೆಸರು ನಿಂತುಬಿಟ್ಟಿದೆ. ಬೆಂಗಳೂರಿನ ಜಾಝ್ ಬಾರಿಗೆ ಹೋಗುತ್ತಿದ್ದೇನೆಂದು ಊರಲ್ಲಿ ಹೇಳಿದಾಗ ಪಕ್ಕದ ಮನೆಯ ಹಿರಿಯರೊಬ್ಬರು, “ಏನ್ರೀ, ಲೈವ್ ಬ್ಯಾಂಡಿಗೆ ಹೊಂಟೀರೇನು?” ಎಂದು ದನಿ ತಗ್ಗಿಸಿ ಕೇಳಿದ್ದರು. ಆಟೋದವರನ್ನೋ ಲಾಡ್ಜಿನವರನ್ನೋ “ಇಲ್ಲಿ ಲೈವ್ ಬ್ಯಾಂಡ್ ಎಲ್ಲಿದೆ?” ಎಂದು ಕೇಳಿದರೆ ಅವರು ಕೈ ತೋರಿಸುವ ದಾರಿ ಬೇರೆಯೇ ಆಗಿರುತ್ತದೆ. ಆದ್ದರಿಂದ “ಪಿಯಾನೊ, ಸ್ಯಾಕ್ಸೊಫೋನ್ ನುಡಿಸುತ್ತಾರಲ್ಲ, ಅಂಥ ಜಾಝ್ ಸಂಗೀತದ ಜಾಗ” ಎಂದು ವಾದ್ಯದ ಹೆಸರು ಹಿಡಿದೇ ಕೇಳಬೇಕು.

ಕಾನೂನಿನ ನಾಲ್ಕು ಸಂಗತಿಗಳೂ ಇದಕ್ಕೆ ಸೇರಿವೆ. ನಮ್ಮ ರಾಜ್ಯದಲ್ಲಿ ಸಿಎಲ್-2 ಪರವಾನಗಿಯ ವೈನ್‌ಶಾಪಿನಲ್ಲಿ ಕುಳಿತು ಕುಡಿಯುವಂತಿಲ್ಲ. ಕುಳಿತುಕೊಳ್ಳುವ ಬಾರಿಗೆ ಸಿಎಲ್-9, ವಸತಿಯುಳ್ಳ ಹೋಟೆಲಿಗೆ ಸಿಎಲ್-7 ಇರುತ್ತದೆ. ಬೆಂಗಳೂರಿನಲ್ಲಿ ಬಾರಿನೊಳಗೆ ಸಂಗೀತ ನುಡಿಸಲು ಪೊಲೀಸರಿಂದ ಪ್ರತ್ಯೇಕ ಅನುಮತಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಕಡೆ ವಾದ್ಯಗಳು ಮೌನವಾದವು. ಹೋದ ತಿಂಗಳು ಸಂಗೀತವಿದ್ದ ಜಾಗದಲ್ಲಿ ಈ ತಿಂಗಳು ಇಲ್ಲದೆ ಹೋಗಬಹುದು ಎಂಬುದನ್ನು ಇದರಿಂದ ಅರ್ಥಮಾಡಿಕೊಳ್ಳಬೇಕು. ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ, ಅಂಗಳದಲ್ಲಿ ನುಡಿಸುವ ಕಡೆ ಸಂಜೆ ಬೇಗನೆ ಆರಂಭಿಸುತ್ತಾರೆ.

ನಾಲ್ಕನೆಯ ಹೆಜ್ಜೆ: ಬಾರನ್ನಲ್ಲ, ಬಾಸ್ ವಾದಕರನ್ನು ಹಿಂಬಾಲಿಸುವುದು

ಹುಡುಕಾಟದಲ್ಲಿ ನನಗೆ ಅತ್ಯಂತ ಹೆಚ್ಚು ಉಪಯೋಗವಾದ ಉಪಾಯ ಇದು. ಬಾರುಗಳು ಜಾಹೀರಾತಿಗೆ ಏನನ್ನಾದರೂ ಬರೆಯಬಹುದು, ಆದರೆ ಒಳ್ಳೆಯ ವಾದಕರು ತಮ್ಮ ಸಂಗೀತವನ್ನು ಕೇಳುವ ಕೋಣೆಗೇ ಮತ್ತೆ ಮತ್ತೆ ಹೋಗುತ್ತಾರೆ. ಗಾಯಕರು, ಗಿಟಾರ್ ವಾದಕರು ಒಂದು ಊರಿನಲ್ಲಿ ಬಹಳ ಮಂದಿ ಇರುತ್ತಾರೆ. ಜಾಝ್ ನುಡಿಸಬಲ್ಲ ಬಾಸ್ ವಾದಕರು ಕೆಲವರೇ ಆದ್ದರಿಂದ ಅವರು ನಾಲ್ಕಾರು ತಂಡಗಳಿಗೆ ನುಡಿಸುತ್ತಿರುತ್ತಾರೆ. ಒಬ್ಬ ಬಾಸ್ ವಾದಕರ ಇನ್‌ಸ್ಟಾಗ್ರಾಂ ಪುಟವನ್ನು ಎರಡು ತಿಂಗಳು ಗಮನಿಸಿದರೆ ಆ ಊರಿನ ಜಾಝ್ ನಡೆಯುವ ಸಣ್ಣ ಕೋಣೆಗಳ ಪಟ್ಟಿ ತಾನಾಗಿ ಕೈಗೆ ಬರುತ್ತದೆ.

ಹಾಗಾದರೆ ಮೊದಲ ಬಾಸ್ ವಾದಕರನ್ನು ಎಲ್ಲಿ ಹುಡುಕುವುದು? ಟಿಕೆಟ್ ಇರುವ ದೊಡ್ಡ ಕಛೇರಿಗೆ ಒಮ್ಮೆ ಹೋಗಿ, ತಂಡದ ಪರಿಚಯ ಮಾಡಿಕೊಡುವಾಗ ಹೆಸರನ್ನು ಬರೆದುಕೊಳ್ಳಿ. ಏಪ್ರಿಲ್ 30ನ್ನು ಅಂತರರಾಷ್ಟ್ರೀಯ ಜಾಝ್ ದಿನವೆಂದು ಯುನೆಸ್ಕೊ 2011ರಲ್ಲಿ ಘೋಷಿಸಿದೆ. ಆ ದಿನದ ಸುತ್ತಮುತ್ತ ದೊಡ್ಡ ಊರುಗಳಲ್ಲಿ ವಾದಕರು ಒಟ್ಟುಗೂಡುತ್ತಾರೆ. ಬಳ್ಳಾರಿಯಲ್ಲಿ ಆಗ ಮಧ್ಯಾಹ್ನ ಹೊರಗೆ ಕಾಲಿಡಲಾಗದ ಬಿಸಿಲು. ರಜೆ ಹಾಕಿ ಹೊರಡಲು ಅದಕ್ಕಿಂತ ಒಳ್ಳೆಯ ವಾರವಿಲ್ಲ. ಪಾಶ್ಚಾತ್ಯ ಸಂಗೀತ ಕಲಿಸುವ ಶಾಲೆಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ವಾರದಲ್ಲೊಂದು ರಾತ್ರಿ ‘ಜ್ಯಾಮ್’ ಎಂದು ಒಟ್ಟಿಗೆ ನುಡಿಸಲು ಸೇರುವ ರೂಢಿ ಇದೆ. ಅದರ ಸ್ಥಳವನ್ನು ಶಾಲೆಗೇ ಫೋನ್ ಮಾಡಿ ಕೇಳಬಹುದು.

ಐದನೆಯ ಹೆಜ್ಜೆ: ಫೋನ್ ಮಾಡಿ ವಿಚಾರಿಸುವುದು

ಪ್ರಶ್ನೆಗಳು ಸಣ್ಣವು, ಉತ್ತರಗಳು ಬಹಳ ಹೇಳುತ್ತವೆ. ಈ ವಾರ ಯಾರು ನುಡಿಸುತ್ತಾರೆ ಎಂದು ಕೇಳಿದಾಗ ಫೋನ್ ಎತ್ತಿದವರು ವಾದಕರ ಹೆಸರು ಹೇಳಿದರೆ ಅದು ಶುಭಲಕ್ಷಣ. “ಯಾವುದೋ ಬ್ಯಾಂಡ್ ಬರುತ್ತೆ ಸರ್” ಎಂದರೆ ಆಸೆ ಕಡಿಮೆ ಮಾಡಿಕೊಳ್ಳಬಹುದು. ಎಷ್ಟು ಜನ ನುಡಿಸುತ್ತಾರೆ, ಡ್ರಮ್ ಇದೆಯೇ, ಎಷ್ಟು ಗಂಟೆಗೆ ಆರಂಭ, ಪ್ರವೇಶಕ್ಕೆ ಕವರ್ ಚಾರ್ಜ್ ಇದೆಯೇ, ಇದ್ದರೆ ಅದು ಊಟದ ಬಿಲ್ಲಿನಲ್ಲಿ ಕಳೆಯುವುದೋ ಇಲ್ಲವೋ, ಒಬ್ಬರೇ ಬಂದರೆ ಕುಳಿತುಕೊಳ್ಳಲು ಜಾಗ ಕೊಡುತ್ತೀರಾ ಎಂದೆಲ್ಲ ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ‘ಜೋಡಿಗಳಿಗೆ ಮಾತ್ರ’ ಎನ್ನುವ ಕಡೆಗಳೂ ಇವೆ. ಒಬ್ಬ ಕೇಳುಗನನ್ನು ಬಾಗಿಲಲ್ಲಿ ನಿಲ್ಲಿಸುವ ಜಾಗ ನಾವು ಹುಡುಕುತ್ತಿರುವ ಜಾಗವಲ್ಲ.

ಆರನೆಯ ಹೆಜ್ಜೆ: ಮೊದಲ ಭೇಟಿ

ಶುಕ್ರವಾರ, ಶನಿವಾರ ಬೇಡ. ಮಂಗಳವಾರವೋ ಬುಧವಾರವೋ, ಸಂಗೀತ ಆರಂಭವಾಗುವ ಮುಕ್ಕಾಲು ಗಂಟೆ ಮೊದಲೇ ಹೋಗಬೇಕು. ವಾರದ ನಡುವೆ ಬರುವವರು ಸಂಗೀತಕ್ಕಾಗಿಯೇ ಬಂದವರು. ವಾದಕರು ವಾದ್ಯ ಹೊಂದಿಸಿಕೊಳ್ಳುವುದನ್ನು ನೋಡಲೂ ಸಿಗುತ್ತದೆ. ವೇದಿಕೆಗೆ ಎದುರು ನಡುವಿನ ಮೇಜು ಸಿಕ್ಕರೆ ಸರಿ, ಇಲ್ಲದಿದ್ದರೆ ಧ್ವನಿವರ್ಧಕದ ಮುಂದೆ ಕೂರುವುದಕ್ಕಿಂತ ಬಾರ್ ಕೌಂಟರಿನ ಕೊನೆಯ ಎತ್ತರದ ಕುರ್ಚಿಯೇ ಮೇಲು. ಅಲ್ಲಿ ಕುಳಿತವರೊಡನೆ ಕೌಂಟರಿನ ಹುಡುಗರು ಸಹಜವಾಗಿಯೇ ಮಾತಾಡುತ್ತಾರೆ. ನಮ್ಮೂರಿನ ಬಾರುಗಳ ಪರದೆ ಹಾಕಿದ ಕ್ಯಾಬಿನ್, ಫ್ಯಾಮಿಲಿ ಸೆಕ್ಷನ್ ಎಂಬ ವಿಭಜನೆಗೆ ಒಗ್ಗಿದವರಿಗೆ ಎಲ್ಲರೂ ಒಂದೇ ಕೋಣೆಯಲ್ಲಿ ಮುಖ ಕಾಣುವಂತೆ ಕೂರುವುದು ಮೊದಲು ಸಂಕೋಚವೆನಿಸಬಹುದು. ಅರ್ಧ ಗಂಟೆಯಲ್ಲಿ ಅದು ಹೋಗುತ್ತದೆ.

ಈಗ ಕೋಣೆಯನ್ನು ನೋಡಿ. ಟಿವಿ ಆರಿಸಿದ್ದಾರೆಯೇ? ಡ್ರಮ್ಮಿನ ಕೆಳಗೆ ಕಂಬಳಿಯೋ ರತ್ನಗಂಬಳಿಯೋ ಹಾಸಿದೆಯೇ? ಹಾಸಿದ್ದರೆ ಅಲ್ಲಿ ವಾರವಾರ ನುಡಿಸುತ್ತಾರೆಂದು ತಿಳಿಯಬಹುದು, ಏಕೆಂದರೆ ನುಣುಪಾದ ನೆಲದ ಮೇಲೆ ಡ್ರಮ್ ಜಾರುತ್ತದೆ ಮತ್ತು ಅನುಭವವಿಲ್ಲದ ಮಾಲೀಕರಿಗೆ ಅದು ಹೊಳೆಯುವುದಿಲ್ಲ. ಒಬ್ಬಂಟಿ ಹೆಣ್ಣುಮಗಳೊಬ್ಬಳು ನಿರಾತಂಕವಾಗಿ ಕುಳಿತಿದ್ದಾಳೆಯೇ? ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಬಾರಿಗೂ ಇಲ್ಲ.

ನಿಜವಾದ ಪರೀಕ್ಷೆ ನಿಧಾನ ಗತಿಯ ರಚನೆ ಬಂದಾಗ ನಡೆಯುತ್ತದೆ. ಬೆಂಗಳೂರಿನಲ್ಲಿ ನಾನು ಈಗ ಹೋಗುವ ಬಾರನ್ನು ಹೀಗೆಯೇ ಆರಿಸಿಕೊಂಡೆ. ಪಿಯಾನೊ ನಿಂತು ಡಬಲ್ ಬಾಸ್ ಒಂದೇ ಉಳಿದಿತ್ತು. ಆಳೆತ್ತರದ ಆ ವಾದ್ಯವನ್ನು ಅದರ ವಾದಕರು ಮಗುವನ್ನು ಒರಗಿಸಿಕೊಂಡಂತೆ ಭುಜಕ್ಕೆ ಒರಗಿಸಿಕೊಂಡಿದ್ದರು. ಬಲಗೈಯ ತೋರುಬೆರಳಿನ ಪಕ್ಕದಲ್ಲಿ ದಪ್ಪನೆಯ ಜಡ್ಡು ಕಾಣುತ್ತಿತ್ತು, ತಂತಿ ಮೀಟಿದಾಗ ಸ್ವರಕ್ಕಿಂತ ಮೊದಲು ಬೆರಳು ತಂತಿಗೆ ಉಜ್ಜುವ ಸಣ್ಣ ಸದ್ದು ಕೇಳುತ್ತಿತ್ತು. ಕೌಂಟರಿನ ಹುಡುಗ ಕೈಯಲ್ಲಿ ಮಂಜುಗಡ್ಡೆ ತುಂಬಿದ ಶೇಕರ್ ಹಿಡಿದಿದ್ದ. ಅವನು ಅದನ್ನು ಅಲ್ಲಾಡಿಸಲಿಲ್ಲ. ಬಾಸ್ ಮುಗಿಯುವವರೆಗೆ ಸುಮ್ಮನೆ ಹಿಡಿದುಕೊಂಡು ನಿಂತ. ಡ್ರಮ್ಮಿನ ಬ್ರಷ್ ಮತ್ತೆ ಮೊರ ಕೇರತೊಡಗಿದ ಮೇಲೆಯೇ ಅವನ ಕೈ ಆಡಿತು. ಆ ಹುಡುಗನಿಗೆ ಯಾರೂ ಅದನ್ನು ಆಜ್ಞೆಯಾಗಿ ಹೇಳಿರಲಾರರು. ಅಲ್ಲಿಗೆ ನನ್ನ ಹುಡುಕಾಟ ಮುಗಿಯಿತು.

ನಡವಳಿಕೆಯ ವಿಷಯಕ್ಕೆ ಬಂದರೆ, ಒಬ್ಬರ ಮನೋಧರ್ಮ ಮುಗಿದಾಗ, ರಚನೆ ಇನ್ನೂ ನಡೆಯುತ್ತಿರುವಾಗಲೇ, ಚಪ್ಪಾಳೆ ತಟ್ಟುವುದು ಜಾಝಿನ ರೂಢಿ. ಮಾತಾಡಬೇಕಾದರೆ ಪಿಸುದನಿಯಲ್ಲಿ, ಬಾಸ್ ಒಂದೇ ನುಡಿಯುವಾಗ ಅದೂ ಬೇಡ. ವಿಡಿಯೊ ತೆಗೆಯಲು ಕೈ ಎತ್ತಿ ಹಿಂದಿನವರಿಗೆ ಅಡ್ಡವಾಗಬೇಡಿ. ಚಿತ್ರಗೀತೆಯ ಫರ್ಮಾಯಿಶ್ ಚೀಟಿಯನ್ನು ವೇದಿಕೆಗೆ ಕಳುಹಿಸಬಾರದು.

ಏಳನೆಯ ಹೆಜ್ಜೆ: ಖರ್ಚು, ಕುಡಿತ, ಮರಳುವಿಕೆ

ಕುಡಿಯದವರೂ ಧಾರಾಳವಾಗಿ ಹೋಗಬಹುದು. ಲೈಮ್ ಸೋಡಾ ಮುಂದಿಟ್ಟುಕೊಂಡು ಮೂರು ತಾಸು ಕುಳಿತವರನ್ನು ಒಳ್ಳೆಯ ಬಾರು ಕಡೆಗಣಿಸುವುದಿಲ್ಲ. ಆದರೆ ಮೇಜು ಹಿಡಿದು ಕುಳಿತಾಗ ಏನಾದರೂ ತಿನ್ನಲು ತರಿಸುವುದು ನ್ಯಾಯ, ಆ ಬಿಲ್ಲಿನಿಂದಲೇ ವಾದಕರಿಗೆ ಹಣ ಹೋಗುತ್ತದೆ. ಕುಡಿಯುವವರು ನಿಧಾನವಾಗಿ, ಕಡಿಮೆ ಕುಡಿಯಲಿ. ಎರಡನೆಯ ಭಾಗದ ಹೊತ್ತಿಗೆ ವಾದಕರ ಕೈ ಪಳಗಿರುತ್ತದೆ, ಆಗ ಕೇಳುಗನ ಕಿವಿ ಮಂದವಾಗಿರಬಾರದು. ವಾಹನವನ್ನಂತೂ ಒಯ್ಯಲೇಬೇಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶ ಕಂಡರೆ ಮೊದಲ ತಪ್ಪಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅದಕ್ಕಿಂತ ದೊಡ್ಡದು ರಸ್ತೆಯಲ್ಲಿರುವ ಇನ್ನೊಬ್ಬರ ಜೀವ.

ಎಂಟನೆಯ ಹೆಜ್ಜೆ: ಪರಿಚಿತರಾಗುವುದು

ಮೊದಲ ಸಲ ಕೇಳಿ ಬನ್ನಿ. ಎರಡನೆಯ ಸಲ ಅದೇ ವಾರದ ದಿನಕ್ಕೆ, ಸಾಧ್ಯವಾದರೆ ಅದೇ ಜಾಗದಲ್ಲಿ ಕುಳಿತುಕೊಳ್ಳಿ, ಏಕೆಂದರೆ ದಿನ ಬದಲಾದರೆ ಕೆಲಸದ ಹುಡುಗರೂ ಬದಲಾಗುತ್ತಾರೆ. ಮೂರನೆಯ ಸಲ ವಿರಾಮದಲ್ಲಿ ವಾದಕರನ್ನು ಮಾತಾಡಿಸಿ. ಹೊಗಳಿಕೆಗಿಂತ ಒಂದು ನಿಜವಾದ ಪ್ರಶ್ನೆ ಅವರಿಗೆ ಹೆಚ್ಚು ಸಂತೋಷ ಕೊಡುತ್ತದೆ.

ನಾನು ಹೋಗುವ ಬೆಂಗಳೂರಿನ ಆ ಬಾರಿಗೆ ಒಮ್ಮೆ ನನ್ನ ಸೋದರಮಾವನನ್ನು ಕರೆದೊಯ್ದಿದ್ದೆ. ಅವರು ಹರೆಯದಲ್ಲಿ ಕಂಪನಿ ನಾಟಕಗಳಿಗೆ ಕಾಲು ಹಾರ್ಮೋನಿಯಂ ನುಡಿಸಿದವರು, ರಂಗಗೀತೆಗಳ ನಡುವೆ ಬದುಕಿದವರು. ಬಾರಿನ ಮೆಟ್ಟಿಲು ಹತ್ತಿದವರಲ್ಲ. ಲೈಮ್ ಸೋಡಾ ಹಿಡಿದು ಮೊದಲ ಭಾಗವನ್ನು ಕಣ್ಣು ಮುಚ್ಚಿ ಕೇಳಿದರು. ವಿರಾಮವಾದಾಗ ಎದ್ದು ನೇರವಾಗಿ ಪಿಯಾನೊ ಹತ್ತಿರ ಹೋಗಿ, “ತಮ್ಮಾ, ಈಗ ನುಡಿಸಿದ್ದು ಕರಿ ಎರಡರಾಗ ಹೌದಲ್ಲೇನು?” ಎಂದು ಕೇಳಿದರು. ಆ ಯುವಕನಿಗೆ ಮಾತು ತಿಳಿಯಲಿಲ್ಲ. ಮಾವ ಬಗ್ಗಿ, ಎರಡನೆಯ ಕರಿ ಮನೆಯನ್ನು, ಅಂದರೆ ಕಪ್ಪು ಕೀಲಿಯನ್ನು, ಒತ್ತಿ ತೋರಿಸಿದರು. ಯುವಕನ ಮುಖ ಅರಳಿತು: ಪಾಶ್ಚಾತ್ಯ ಸಂಗೀತದವರು ಅದನ್ನು ಇ ಫ್ಲ್ಯಾಟ್ ಎನ್ನುತ್ತಾರಂತೆ, ಸ್ಯಾಕ್ಸೊಫೋನುಗಳ ಮೂಲ ಶ್ರುತಿ ಕರಿ ಎರಡು ಇಲ್ಲವೇ ಕರಿ ಐದು ಆಗಿರುವುದರಿಂದ ಜಾಝಿನ ಬಹಳ ರಚನೆಗಳು ಆ ಮನೆಗಳಲ್ಲಿಯೇ ಇರುತ್ತವೆಂದು ವಿವರಿಸಿದ. “ನಮ್ಮ ನಾಟಕದಾಗ ಗಾಯಕರ ಕಂಠ ನೋಡಿ ಮನಿ ಹಿಡೀತಿದ್ವಿ, ಇವರು ವಾದ್ಯ ನೋಡಿ ಹಿಡೀತಾರ,” ಎಂದು ಮಾವ ನನ್ನ ಕಡೆ ತಿರುಗಿ ಹೇಳಿದರು. ಎರಡನೆಯ ಭಾಗಕ್ಕೆ ಆ ಯುವಕ ಅವರ ಕುರ್ಚಿಯನ್ನು ಪಿಯಾನೊ ಪಕ್ಕಕ್ಕೇ ಎಳೆದು ಹಾಕಿಸಿದ.

ಹೊರಡುವ ಮುನ್ನ ಕೌಂಟರಿನಲ್ಲಿ ಮುಂದಿನ ತಿಂಗಳ ದಿನಾಂಕಗಳನ್ನು ಕೇಳಿ ಬರೆದುಕೊಳ್ಳಿ, ಬಾಸ್ ವಾದಕರು ಯಾರೆಂಬುದನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ, ಅದಕ್ಕೆ ಹೊಂದುವಂತೆ ರೈಲಿನ ಟಿಕೆಟ್ ಆ ವಾರವೇ ಕಾಯ್ದಿರಿಸಿ. ಹಬ್ಬದ ದಿನಗಳಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬರ್ತ್ ಸಿಗುವುದು ಕಷ್ಟ.